ಹಕ್ಕಿಯ ಕಣ್ಣಿಗೆ ಕಂಡ ಕಡಲತೀರ

ಬಳ್ಳಾರಿಯ ಗುಡ್ಡವನ್ನೇರಿ ಮೇಲ್ಗೋಟೆಯಲ್ಲಿ ನಿಂತವರಿಗೆ ಊರೆಲ್ಲವೂ ಅಂಗೈಮೇಲಿನ ನೆಲ್ಲಿಕಾಯಿಯಂತೆ ತೋರುವುದು. ಆದರೆ ವಾಯವ್ಯದಲ್ಲಿರುವ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯೂ, ಉತ್ತರಕ್ಕೆ ತುಂಗಭದ್ರೆಯ ಸೀಮೆಯಲ್ಲಿರುವ ಸಿರುಗುಪ್ಪದ ಗದ್ದೆಗಳೂ ಅಲ್ಲಿಂದ ಹಾಗೆಯೇ ಸ್ಪಷ್ಟವಾಗಿ ಕಾಣುವುವೆ? ಕಾಣವು. ಈ ಮೂರನ್ನೂ ಒಂದೇ ಹಾಳೆಯ ಮೇಲೆ ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲ ವಿದ್ಯೆಯೊಂದುಂಟು. ಅದೇ ವಿಹಂಗಮಚಿತ್ರ.

ಈ ವಿದ್ಯೆ ಹೊಸದಲ್ಲ. ಮಾನವನು ಬೆಲೂನಿನಲ್ಲಿ ಮೇಲಕ್ಕೇರಿದ್ದು 1783ರಲ್ಲಿ. ಜಾಕೊಪೊ ದೆ ಬಾರ್ಬರಿಯು ವೆನಿಸ್ ನಗರವನ್ನು ಆಕಾಶದಿಂದ ಕಂಡಂತೆ ಆರು ಮರದಚ್ಚುಗಳಲ್ಲಿ ಮುದ್ರಿಸಿದ್ದು 1500ರಲ್ಲಿ. ಹಾರದೆಯೇ ಹಾರಿದ ಕಣ್ಣು ಅದು. ಅಳತೆಯೂ ಕಲ್ಪನೆಯೂ ಅಲ್ಲಿ ಕೈಗೂಡಿದುವು.

ಈ ಕಲೆಯನ್ನು ಪ್ರವಾಸಿಗಳ ಸೇವೆಗೆ ತಂದವರಲ್ಲಿ ಜಪಾನಿನ ಯೋಷಿದಾ ಹತ್ಸುಸಾಬುರೊ (1884–1955) ಪ್ರಸಿದ್ಧರು. 1913ರಲ್ಲಿ ಅವರು ಕೇಹಾನ್ ರೈಲುದಾರಿಯ ಕೈಪಿಡಿಗಾಗಿ ರಚಿಸಿದ ಚಿತ್ರವನ್ನು ಅಂದಿನ ಯುವರಾಜ ಹಿರೋಹಿತೊ ಮೆಚ್ಚಿದರು. ಬಳಿಕ ರೈಲು ಮತ್ತು ಹಡಗಿನ ಕಂಪೆನಿಗಳೂ, ಬಿಸಿನೀರಿನ ಬುಗ್ಗೆಗಳುಳ್ಳ ಬೆಪ್ಪುವಿನಂತಹ ಕಡಲತೀರದ ಊರುಗಳೂ ಅವರಿಂದ ಚಿತ್ರಗಳನ್ನು ಬರೆಯಿಸಿದುವು. ಅವನ್ನು ಮಡಿಕೆಯ ಹಾಳೆಗಳಾಗಿ ಅಚ್ಚುಮಾಡಿದರು.

ಈ ಚಿತ್ರಗಳ ಗುಟ್ಟೇನು? ಚಿತ್ರಕಾರನು ನಡುವಿನ ಪಟ್ಟಣವನ್ನು ಹಿಗ್ಗಿಸಿ, ದಡದ ಎರಡು ತುದಿಗಳನ್ನೂ ಬಿಲ್ಲಿನಂತೆ ಬಾಗಿಸುತ್ತಾನೆ. ಬಂದರು, ನಿಲ್ದಾಣ, ದೇವಾಲಯಗಳು ದೊಡ್ಡವಾಗುತ್ತವೆ. ನೋಡಲೇನೂ ಇಲ್ಲದ ಹರವು ಕುಗ್ಗುತ್ತದೆ. ನೂರಾರು ಮೈಲಿಯಾಚೆಯ ಫ್ಯೂಜಿ ಪರ್ವತವೂ ಅಂಚಿನಲ್ಲಿ ತಲೆಯೆತ್ತುತ್ತದೆ. ಭೂಪಟವು ದೂರವನ್ನು ಹೇಳಿದರೆ ಈ ಪಟವು ಆಸೆಯನ್ನು ಹೇಳುತ್ತದೆ. ಇದನ್ನು ಸುಳ್ಳೆಂದು ನಾವು ಹೇಳೆವು. ಆದರೆ ಇದನ್ನೇ ನಂಬಿ ನಡೆಯಹೊರಟವನ ಕಾಲು ನೋಯುವುದು ನಿಶ್ಚಯ.

ಎತ್ತರದ ನೋಟಕ್ಕೆ ಇನ್ನೊಂದು ಮುಖವೂ ಉಂಟು. ವಿಹಾರಿಗೆ ದಾರಿ ತೋರುವ ಚಿತ್ರ ಶತ್ರುವಿಗೂ ದಾರಿ ತೋರಬಲ್ಲುದು. ಆದುದರಿಂದಲೇ ಜಪಾನಿನ ಕೋಟೆವಲಯಗಳ ಕರಾವಳಿಯ ಚಿತ್ರಗಳನ್ನು ಸೇನೆಯ ಅಪ್ಪಣೆಯಿಲ್ಲದೆ ಪ್ರಕಟಿಸುವಂತಿರಲಿಲ್ಲ. ವಿಹಾರದ ಊರುಗಳನ್ನು ಚಿತ್ರಿಸಿದ ಆ ಕೈಯೇ ಯುದ್ಧಾನಂತರ ಅಣುಬಾಂಬಿಗೆ ತುತ್ತಾದ ಹಿರೋಷಿಮಾವನ್ನೂ ಚಿತ್ರಿಸಬೇಕಾಯಿತು.

ನಮ್ಮ ಬಳ್ಳಾರಿಯವರಿಗೆ ಈ ಮಾತು ಹೊಸದಲ್ಲ. ಊರನ್ನು ವಶಪಡಿಸಿಕೊಂಡ ಹೈದರಾಲಿಯು ಫ್ರೆಂಚ್ ಇಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನಂತೆ. ಕೆಲಸ ಮುಗಿದಮೇಲೆ, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತಲೂ ಎತ್ತರವೆಂದು ಕಂಡು ಅವನನ್ನು ಗಲ್ಲಿಗೇರಿಸಿದನೆಂದು ಐತಿಹ್ಯವಿದೆ.

ನಾಳೆ ಯಾರಾದರೂ ನಮ್ಮ ಸೀಮೆಯ ವಿಹಂಗಮಚಿತ್ರವನ್ನು ಬರೆದರೆ ಕುರುಗೋಡನ್ನು ಹತ್ತಿರಕ್ಕೆಳೆಯಲಿ, ತುಂಗಭದ್ರೆಯನ್ನು ಬಾಗಿಸಲಿ, ಕುಂಬಾರಗುಡ್ಡವನ್ನು ಬೇಕಾದರೆ ಕುಗ್ಗಿಸಲಿ. ನಾವು ಸಂತೋಷದಿಂದ ನೋಡುವೆವು. ವಿಹಾರಕ್ಕೆ ಬರುವವನಿಗೆ ಅಷ್ಟು ಸಾಕು. ಕೋಟೆ ಕಟ್ಟುವವನು ಮಾತ್ರ ಗುಡ್ಡವನ್ನು ತಾನೇ ಹತ್ತಿ ನೋಡತಕ್ಕದ್ದು.