ಆರದ ಎಂಜಿನ್ ದೀಪ: ಸಾಕ್ಷಿಯೇ ಅಪರಾಧಿಯಲ್ಲ

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕೃತಿಯ ಹಳದಿ ದೀಪವೊಂದು ಹೊತ್ತಿಕೊಂಡು ಆರದೆ ಉಳಿದಾಗ ಮಾಲೀಕರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕಾರು ಓಡುತ್ತಿದೆಯಲ್ಲ ಎಂದು ಕೆಲವರು ಅದನ್ನು ಕಡೆಗಣಿಸುತ್ತಾರೆ. ವರ್ಕ್‌ಶಾಪಿನವರು ಹೇಳಿದ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವವರು ಇನ್ನು ಕೆಲವರು. ಹಾಗೆ ಹಣ ಕಳೆದುಕೊಂಡು ಕೊನೆಗೆ ವಕೀಲರ ಕಚೇರಿಯ ಮೆಟ್ಟಿಲು ಹತ್ತುವವರೂ ಇದ್ದಾರೆ.

ಬದಿಯಡ್ಕ ಕಡೆಯ ಅಡಕೆ ಕೃಷಿಕರಾದ ನನ್ನ ಬಂಧುವೊಬ್ಬರು ಕಳೆದ ಮಳೆಗಾಲದ ಕೊನೆಗೆ ಬಂದದ್ದು ಇದೇ ಕಾರಣಕ್ಕೆ. ಅವರದು 12 ವರ್ಷ ಹಳೆಯ ಪೆಟ್ರೋಲ್ ಕಾರು. ಮನೆಯ ಹಿರಿಯರೊಬ್ಬರನ್ನು ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗಾಗಿ ಮಂಗಳೂರಿಗೆ ಕರೆದೊಯ್ಯುವುದು ಅದೊಂದೇ. ದೀಪ ಹೊತ್ತಿತೆಂದು ವರ್ಕ್‌ಶಾಪೊಂದರಲ್ಲಿ 4,500 ರೂಪಾಯಿಗೆ ಆಕ್ಸಿಜನ್ ಸೆನ್ಸರ್ ಬದಲಿಸಲಾಯಿತು. ವಾರದೊಳಗೆ ದೀಪ ಮರಳಿ ಬಂತು. ಈಗ ಪೆಟ್ರೋಲ್ ಪಂಪ್ ಬದಲಿಸಬೇಕು, ಅದರಿಂದಲೂ ಸರಿಹೋಗದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಮಾತು. "ಭಾವ, ಇವರ ಮೇಲೆ ಕೇಸು ಹಾಕಲು ಆಗುತ್ತದೆಯೇ?" ಎಂಬುದು ಅವರ ಪ್ರಶ್ನೆ.

ಕೇಸಿಗಿಂತ ಮೊದಲು ದೀಪದ ಸ್ವರೂಪ ತಿಳಿಯಬೇಕು. ಎಂಜಿನ್ನಿನ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಒಬಿಡಿ ವ್ಯವಸ್ಥೆ ಅಮೆರಿಕದ ಕಾರುಗಳಲ್ಲಿ 1996ರಿಂದ ಏಕರೂಪವಾಗಿ ಕಡ್ಡಾಯವಾಯಿತು, ನಮ್ಮಲ್ಲಿ ಬಿ.ಎಸ್. 4 ಕಾರುಗಳಿಗೆ ಅದರ ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಹೆಚ್ಚಿನ ದೋಷಗಳು ಒಂದೇ ಓಟದಲ್ಲಿ ಕಂಡ ಮಾತ್ರಕ್ಕೆ ದೀಪ ಹೊತ್ತುವುದಿಲ್ಲ. ಮುಂದಿನ ಓಟದಲ್ಲಿಯೂ ಮರುಕಳಿಸಿದರೆ ಮಾತ್ರ ಹೊತ್ತುತ್ತದೆ. ಸ್ಥಿರವಾಗಿ ಉರಿಯುವ ದೀಪ ನಾಲ್ಕು ದಿನ ಕಾಯಬಲ್ಲದು. ಆದರೆ ಅದು ಮಿನುಗತೊಡಗಿದರೆ ಸಿಲಿಂಡರೊಂದರಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹೊರಹೋಗಿ ಕನ್ವರ್ಟರನ್ನೇ ಸುಡುತ್ತಿದೆ ಎಂದರ್ಥ. ಆಗ ಕಾರನ್ನು ಬದಿಗೆ ನಿಲ್ಲಿಸುವುದೇ ಸರಿ.

ಬಂಧುವಿನ ಕಾರಿನಲ್ಲಿ ದಾಖಲಾಗಿದ್ದ ಸಂಕೇತ ಪಿ 0171. ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಪೆಟ್ರೋಲು ಕಡಿಮೆ ಎಂಬುದಷ್ಟೇ ಅದರ ಅರ್ಥ. ಅದನ್ನು ವರದಿ ಮಾಡಿದ್ದು ಆಕ್ಸಿಜನ್ ಸೆನ್ಸರ್. ವರ್ಕ್‌ಶಾಪಿನವರು ಬದಲಿಸಿದ್ದೂ ಅದನ್ನೇ! ದೂರು ಕೊಟ್ಟ ಸಾಕ್ಷಿಯನ್ನೇ ಕಟಕಟೆಗೆ ಏರಿಸಿದ ಹಾಗಾಯಿತು. ಸಾಕ್ಷಿ ಸುಳ್ಳು ಹೇಳುವುದೂ ಉಂಟು, ನಿಜ; ಆದರೆ ಪಾಟೀಸವಾಲು ಮಾಡದೆ ಅದನ್ನು ತೀರ್ಮಾನಿಸಲಾಗದು.

ಇಲ್ಲಿ ಪಾಟೀಸವಾಲಿನ ಸಾಧನ 'ಫ್ಯೂಯೆಲ್ ಟ್ರಿಮ್' ಎಂಬ ಅಂಕಿ. ಮಿಶ್ರಣವನ್ನು ಸರಿಪಡಿಸಲು ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲನ್ನು ಹೆಚ್ಚು ಅಥವಾ ಕಡಿಮೆ ಸುರಿಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಕನೆಕ್ಟರಿಗೆ ಸಿಕ್ಕಿಸುವ, ಕೆಲವು ನೂರು ರೂಪಾಯಿಯ ಬ್ಲೂಟೂತ್ ಉಪಕರಣದಿಂದ ಇದನ್ನು ಫೋನಿನಲ್ಲೇ ಓದಬಹುದು. 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಈ ಕಾರಿನಲ್ಲಿ ಎಂಜಿನ್ ನಿಂತಲ್ಲೇ ತಿರುಗುವಾಗ ಅದು 22. ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ 4! ಪಂಪ್ ಸೋತಿದ್ದರೆ ಇದರ ತದ್ವಿರುದ್ಧ ಆಗಬೇಕಿತ್ತು: ಬೇಡಿಕೆ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕಿತ್ತು. ಅಂಕಿ ಇಳಿಯಿತೆಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳನುಸುಳುತ್ತಿದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಆ ಸೋರಿಕೆ ದೊಡ್ಡ ಪಾಲು. ವೇಗ ಹೆಚ್ಚಿದಾಗ ಒಟ್ಟು ಗಾಳಿಯಲ್ಲಿ ಅದು ಅಲ್ಪ. (ಫಿಲ್ಟರಿನ ಬಳಿಯೇ ಗಾಳಿಯನ್ನು ಅಳೆಯುವ ಕಾರುಗಳಿಗೆ ಈ ತರ್ಕ ಸಲ್ಲುತ್ತದೆ, ಒತ್ತಡದಿಂದ ಅಂದಾಜಿಸುವ ಕಾರುಗಳಲ್ಲಿ ಲಕ್ಷಣ ಬೇರೆ.)

ಇನ್ನೊಬ್ಬ ಮೆಕ್ಯಾನಿಕ್ ಗಾಳಿಯ ಮಾರ್ಗಕ್ಕೆ ಹೊಗೆ ತುಂಬಿ ನೋಡಿದರು. ಎಂಜಿನ್ನಿನ ಹಿಂಬದಿಯಲ್ಲಿ, ಕೈಗೆ ಸಿಗದ ತಿರುವೊಂದರಲ್ಲಿ, ಬಿಸಿಗೆ ಗಡುಸಾದ ರಬ್ಬರ್ ಕೊಳವೆ ಅಡಿಭಾಗದಲ್ಲಿ ಸೀಳಿತ್ತು. ಮೇಲಿನಿಂದ ನೋಡಿದವರಿಗೆ ಅದು ಕಾಣುವಂತಿರಲಿಲ್ಲ. ಕೊಳವೆಯ ಬೆಲೆ 350 ರೂಪಾಯಿ.

ಹಳೆಯ ಕಾರುಗಳಲ್ಲಿ ಇಂಥ ಸಣ್ಣ ಸೋರಿಕೆಗಳು ಈಗ ಬೇಗ ದೀಪ ಹೊತ್ತಿಸಲು ಇನ್ನೊಂದು ಕಾರಣವೂ ಇರಬಹುದು. ಶುದ್ಧ ಪೆಟ್ರೋಲಿನ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು; ಶೇ. 20 ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯಬೇಕಾಗುತ್ತದೆ. ತಿದ್ದುಪಡಿಗಿರುವ ಮಿತಿಯಲ್ಲಿ ಒಂದಿಷ್ಟು ಅಲ್ಲಿಯೇ ಖರ್ಚಾಗುತ್ತದೆ.

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾನ್ಯೂನತೆಗೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಮೆಕ್ಯಾನಿಕನ ಊಹೆ ತಪ್ಪಿತೆಂಬುದೊಂದರಿಂದಲೇ ನ್ಯೂನತೆ ಸಾಬೀತಾಗದು. ಪರೀಕ್ಷಿಸದೆ ಬದಲಿಸಿದರೆಂದು ತೋರಿಸಬೇಕು, ಅದಕ್ಕೆ ಕಾಗದ ಬೇಕು. ಬಂಧುವಿನ ಬಿಲ್ಲಿನಲ್ಲಿ ಇದ್ದದ್ದು 'ಸೆನ್ಸರ್ ಬದಲಾವಣೆ' ಎಂಬ ಎರಡು ಪದ ಮಾತ್ರ. ಸಂಕೇತವಿಲ್ಲ, ಅಳತೆಯಿಲ್ಲ, ತೆಗೆದ ಸೆನ್ಸರೂ ಇಲ್ಲ. ನಾನು ಒಂದು ಪತ್ರ ಬರೆದೆ, ಕೂಲಿಯ ಹಣ ಮರಳಿತು, ಕೇಸು ಹೂಡಲಿಲ್ಲ. ವರ್ಕ್‌ಶಾಪಿಗೆ ಹೋಗುವವರು ಸಂಕೇತವನ್ನೂ ಅದು ದಾಖಲಾದ ಕ್ಷಣದ ಅಂಕಿಗಳನ್ನೂ ಬರಹದಲ್ಲಿ ಕೇಳಬೇಕು. ಹಳೆಯ ಭಾಗವನ್ನು ಮರಳಿ ಪಡೆಯಬೇಕು.

'ಪುಕ ಪರಿಶೋಧನ' ಎಂದು ಮಲಯಾಳದಲ್ಲಿ ಫಲಕ ಹಾಕಿದ ಕೇಂದ್ರದಲ್ಲಿ ಪ್ರಮಾಣಪತ್ರ ಸಿಕ್ಕಿತಲ್ಲ ಎಂದು ಸಮಾಧಾನಪಡುವವರಿದ್ದಾರೆ. (ಈ 'ಪುಕ' ಹಳಗನ್ನಡದ 'ಪೊಗೆ'ಯ ಸೋದರಿ.) ಪೆಟ್ರೋಲ್ ಕಾರಿಗೆ ಅಲ್ಲಿ ಮುಖ್ಯವಾಗಿ ಅಳೆಯುವುದು ಹೊಗೆಕೊಳವೆಯ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ದೀಪ ಏಕೆ ಉರಿಯುತ್ತಿದೆ ಎಂಬ ಪ್ರಶ್ನೆಗೆ ಆ ಪತ್ರ ಉತ್ತರವಲ್ಲ.

ಹಳೆಯ ಕಾರು ಕೊಳ್ಳುವವರು ಇನ್ನೂ ಎಚ್ಚರವಹಿಸಬೇಕು. ಮಾರುವ ಮುನ್ನಾದಿನ ಸಂಕೇತವನ್ನು ಅಳಿಸಿ ದೀಪ ಆರಿಸುವುದು ಒಂದು ನಿಮಿಷದ ಕೆಲಸ. ಆದರೆ ಅಳಿಸಿದಾಗ ಸ್ವಯಂಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ. ಹಲವು ದಿನ ಓಡಿಸುವವರೆಗೆ ಅವು 'ಅಪೂರ್ಣ' ಎಂದೇ ತೋರುತ್ತವೆ. ಅನೇಕ ಕಾರುಗಳಲ್ಲಿ ಅಳಿಸಿದ ಮೇಲೆ ಓಡಿದ ದೂರವೂ ಸಿಗುತ್ತದೆ. ಕೀ ತಿರುಗಿಸಿದೊಡನೆ, ಎಂಜಿನ್ ಚಾಲೂ ಆಗುವ ಮೊದಲು, ಈ ದೀಪ ಒಮ್ಮೆ ಹೊತ್ತಲೇಬೇಕು. ಹೊತ್ತದಿದ್ದರೆ ಅದನ್ನು ಯಾರೋ ಬೇಕೆಂದೇ ಕಳಚಿರುವ ಸಾಧ್ಯತೆಯಿದೆ. ಕಾರಣ ಗೊತ್ತಾಗುವ ತನಕ ಮುಂಗಡ ಕೊಡಬೇಡಿ.