ಕಂದು ಜಡೆ, ಹಳದಿ ಜಡೆ

‘ಮಾವಿನ ಮರಕ್ಕೆ ಕಲ್ಲುಹೂವು ಹತ್ತಿದೆ, ಮರ ಸಾಯುತ್ತದೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಸಾಯುವುದಿಲ್ಲ. ದಯವಿಟ್ಟು ಕೆರೆದು ಹಾಕಬೇಡಿ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನಂತೆ ಅದೂ ಹೂವಲ್ಲ. ಬಂದಳಿಕೆಯಂತೂ ಅಲ್ಲವೇ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ ಅದು. ತೊಗಟೆ ಬರೀ ಕೂರುವ ಜಾಗ. ಅನ್ನ ಬೇಯಿಸುವುದು ಪಾಚಿ, ಬಿಸಿಲಿನಲ್ಲಿ.

ಈ ಸಂಸಾರದಲ್ಲಿ ಮೂರನೆಯವರೂ ಇರಬಹುದೆಂದು ತಿಳಿದುಬಂದ ಕಥೆ ನನಗೆ ತುಂಬಾ ಇಷ್ಟ. ಉತ್ತರ ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಎರಡು ಕಲ್ಲುಹೂವುಗಳಿವೆ. ಬ್ರಯೋರಿಯಾ ಫ್ರೆಮೊಂಟಿಯೈ ಕಂದು ಬಣ್ಣದ್ದು. ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಮೂಲನಿವಾಸಿಗಳು ಅದನ್ನು ತೊಳೆದು, ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲಿಟ್ಟು, ರಾತ್ರಿಯಿಡೀ ಬೇಯಿಸಿ ತಿನ್ನುತ್ತಿದ್ದರು. ಬ್ರಯೋರಿಯಾ ಟಾರ್ಚುವೋಸಾ ಹಳದಿ ಮಿಶ್ರಿತ ಹಸಿರು. ಅದರ ತುಂಬ ವಲ್ಪಿನಿಕ್ ಆಮ್ಲವೆಂಬ ವಿಷ. ಇದೇ ವಿಷವಿರುವ ಬೇರೊಂದು ಕಲ್ಲುಹೂವಿನಿಂದ ಯುರೋಪಿನಲ್ಲಿ ತೋಳಗಳನ್ನು ಕೊಲ್ಲುತ್ತಿದ್ದರು.

2009ರಲ್ಲಿ ಡಿಎನ್‌ಎ ಹೋಲಿಸಿ ನೋಡಿದರೆ ಎರಡರದ್ದೂ ಒಂದೇ ಶಿಲೀಂಧ್ರ, ಒಂದೇ ಪಾಚಿ! ಹಾಗಾದರೆ ಬಣ್ಣವೇಕೆ ಬೇರೆ? ಕಲ್ಲುಹೂವು ತಜ್ಞ ಟೋಬಿ ಸ್ಪ್ರಿಬಿಲ್ ಅವರ ತಂಡ ಗೊತ್ತಿದ್ದ ಶಿಲೀಂಧ್ರವನ್ನು ಪಕ್ಕಕ್ಕಿಟ್ಟು, ಇನ್ನು ಯಾರ ಜೀನ್‌ಗಳಿವೆ ಎಂದು ಹುಡುಕಿತು. ಸಿಕ್ಕಿದ್ದು ಒಂದು ಯೀಸ್ಟ್. ಕಲ್ಲುಹೂವಿನ ಹೊರಚರ್ಮದಲ್ಲೇ ಅಡಗಿತ್ತು. ಹಳದಿ ಜಡೆಯಲ್ಲಿ ಹೇರಳವಾಗಿತ್ತು. ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ‘ಇದು ಜೋಡಿ ಜೀವ’ ಎಂದಾಗಿನಿಂದ ಸುಮಾರು 150 ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರ ಲೆಕ್ಕಕ್ಕೆ ಬಾರದ ಈ ಜೀವ 2016ರಲ್ಲಿ ‘ಸೈನ್ಸ್’ ಪತ್ರಿಕೆಯ ಮೂಲಕ ಹೊರಬಿತ್ತು. ಯೀಸ್ಟೇ ವಿಷ ತಯಾರಿಸುತ್ತದೆಂದು ಇದರಿಂದ ಸಾಬೀತಾಗಲಿಲ್ಲ; ಹಾಗೆ ಬರೆಯುವವರು ಅವಸರ ಮಾಡುತ್ತಿದ್ದಾರೆ.

ಕಂದು ಜಡೆ ಆ ಕಾಡುಗಳಲ್ಲಿ ಸಾಮಾನ್ಯ. ಹಾರುವ ಅಳಿಲು ಚಳಿಗಾಲದಲ್ಲಿ ಅದನ್ನೇ ತಿಂದು, ಅದನ್ನೇ ಗೂಡಿಗೆ ಹಾಸುತ್ತದೆ. ಆ ಅಳಿಲನ್ನು ಚುಕ್ಕೆ ಗೂಬೆ ತಿನ್ನುತ್ತದೆ. ಗೂಬೆಯ ಉಳಿವಿಗಾಗಿ ಅಮೆರಿಕ 1994ರಲ್ಲಿ ವಾಯವ್ಯ ಅರಣ್ಯ ಯೋಜನೆ ರೂಪಿಸಿದಾಗ, ಅಪರೂಪದ್ದೆಂದು ಹುಡುಕಿ ಕಾಯಬೇಕಾದವುಗಳ ಪಟ್ಟಿಗೆ ಸೇರಿದ್ದು ಹಳದಿ ಜಡೆ. ಈಗ ಎರಡೂ ಒಂದೇ ಪ್ರಭೇದವೆಂದು ಬರೆದುಕೊಂಡರೆ, ಕಾಗದದ ಮೇಲೆ ಅಪರೂಪದ್ದು ಸಾಮಾನ್ಯದೊಳಗೆ ಕರಗಿಹೋಗುತ್ತದೆ.

ಕಲ್ಲುಹೂವಿನ ವೈಜ್ಞಾನಿಕ ಹೆಸರು ಅದರ ಶಿಲೀಂಧ್ರಕ್ಕೆ ಮಾತ್ರ ಸೇರಿದ್ದು. ಆದರೆ ಕೊಂಬೆಯಲ್ಲಿ ಜೋಲುವುದು ಇಡೀ ಕುಟುಂಬ. ಹಳದಿ ಜಡೆಯಿರುವ ಮರ ಕಡಿದರೆ, ಬೇರೆಡೆ ಕಂದು ಜಡೆ ಎಷ್ಟಿದ್ದರೂ ಆ ನಷ್ಟ ತುಂಬುವುದಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಎಣಿಸಬೇಕು, ಪ್ರತ್ಯೇಕವಾಗಿಯೇ ಕಾಯಬೇಕು.