ಹವ್ಯಾಸಿ ಮಹಿಳಾ ಕಾಲ್ಚೆಂಡಾಟದ ಸಂಘ: ಉದಯ ಮತ್ತು ವಿಕಾಸ

ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆಲವು ಸೋಲುಗಳ ಪಟ್ಟಿಯನ್ನೂ ಪ್ರಸಿದ್ಧ ಆಟಗಾರರ ಹೆಸರುಗಳನ್ನೂ ಸಂಗ್ರಹಿಸಿ ತೃಪ್ತರಾಗುತ್ತಾರೆ. ವೇತನದ ಆಶೆಯಿಲ್ಲದೆ, ಆಟದ ಮೇಲಣ ಒಲವಿನಿಂದಲೇ ಕೂಡುವ ಮಹಿಳೆಯರ ಕಾಲ್ಚೆಂಡಾಟದ ಸಂಘವನ್ನು ಕುರಿತು ಬರೆಯುವಾಗ ಇಷ್ಟು ಸಾಲದು. ಅಂಥ ಸಂಘವು ಹುಟ್ಟಲು ಹನ್ನೊಂದು ಮಂದಿ ಸಾಕು. ಬಾಳಲು ಮೂರು ಆಧಾರಗಳು ಬೇಕು. ಆಡುವುದಕ್ಕೆ ಮೈದಾನ, ಎದುರಿಸುವುದಕ್ಕೆ ಮತ್ತೊಂದು ತಂಡ, ಹಳಬರು ಬಿಟ್ಟುಹೋದಾಗ ಅವರ ಸ್ಥಾನವನ್ನು ತುಂಬುವ ಹೊಸಬರು, ಇವೇ ಆ ಮೂರು. ಇವುಗಳಲ್ಲಿ ಒಂದು ತಪ್ಪಿದರೂ ಸಂಘವು ಅಳಿಯುತ್ತದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ. ಅವುಗಳನ್ನು ಪರಿಶೀಲಿಸಿ, ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲ ನಿದರ್ಶನ ಇಂಗ್ಲೆಂಡಿನದು. ಪ್ರಥಮ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ನಗರದ ಡಿಕ್, ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು 1917ರಲ್ಲಿ ಒಂದು ತಂಡವನ್ನು ಕಟ್ಟಿದರು. ಅದೇ ವರ್ಷದ ಕ್ರಿಸ್‌ಮಸ್ ದಿನ, ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಅವರು ಆಡಿದ ಪಂದ್ಯವನ್ನು ನೋಡಲು ಸುಮಾರು 10,000 ಜನ ಬಂದಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗೂಡಿಸನ್ ಪಾರ್ಕಿನಲ್ಲಿ ನೆರೆದವರ ಸಂಖ್ಯೆ ಸುಮಾರು 53,000. ಮರುವರ್ಷ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಅಂಗಸಂಘಗಳ ಮೈದಾನಗಳನ್ನು ಮಹಿಳೆಯರಿಗೆ ಕೊಡಕೂಡದೆಂದು ನಿರ್ಣಯಿಸಿತು. ನಿಷೇಧವು ಬಿದ್ದುದು ಆಟದ ಮೇಲಲ್ಲ, ಮೈದಾನದ ಮೇಲೆ. ಪರಿಣಾಮ ಮಾತ್ರ ಒಂದೇ ಆಯಿತು. ದೊಡ್ಡ ಮೈದಾನವಿಲ್ಲದೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಪ್ರಯಾಣದ ವೆಚ್ಚವಿಲ್ಲ. ಸುಮಾರು ಅರ್ಧ ಶತಮಾನದ ತರುವಾಯ, 1970ರ ದಶಕದ ಆರಂಭದಲ್ಲಿ, ಈ ನಿಷೇಧವು ತೊಲಗಿತು. ಆದರೆ ಪ್ರೆಸ್ಟನ್ನಿನ ತಂಡವು ಅಷ್ಟರೊಳಗೆ, 1965ರಲ್ಲಿ, ಹೊಸ ಆಟಗಾರ್ತಿಯರು ದೊರೆಯದೆ ವಿಸರ್ಜನೆಗೊಂಡಿತ್ತು.

ನಮ್ಮ ದೇಶದ ಕಥೆ ಬೇರೆ. ಇಲ್ಲಿ ನಿಷೇಧವೇನೂ ಇರಲಿಲ್ಲ, ಇದ್ದುದು ವಿಳಂಬ. ಪುರುಷರ ಸಂತೋಷ್ ಟ್ರೋಫಿ ಪಂದ್ಯಾವಳಿಯು 1941ರಲ್ಲಿ ಆರಂಭವಾಯಿತು. ಮೈಸೂರು ರಾಜ್ಯದ ತಂಡವು 1946–47ರಲ್ಲಿಯೇ ಅದನ್ನು ಗೆದ್ದಿತ್ತು. ಮಹಿಳೆಯರಿಗಾಗಿ ಪ್ರತ್ಯೇಕ ರಾಷ್ಟ್ರೀಯ ಒಕ್ಕೂಟವೊಂದು ಏರ್ಪಟ್ಟುದು 1975ರಲ್ಲಿ. ಐದೇ ವರ್ಷಗಳಲ್ಲಿ ಅದರ ಫಲವು ಕಾಣಿಸಿತು: 1980ರಲ್ಲಿ ನಮ್ಮ ಕರಾವಳಿಯ ದಕ್ಷಿಣಕ್ಕಿರುವ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ತಂಡವು ದ್ವಿತೀಯ ಸ್ಥಾನವನ್ನು ಪಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಶ್ರಯದಲ್ಲಿ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಯು 1991ರಲ್ಲಿ ಮೊದಲಾಯಿತು. ಎಂದರೆ ಪುರುಷರಿಗಿಂತ 50 ವರ್ಷ ತಡವಾಗಿ. ಆಮೇಲೂ ಪಂದ್ಯಗಳು ವಿರಳವಾದುದರಿಂದ 2009ರಲ್ಲಿ ಭಾರತದ ಮಹಿಳಾ ತಂಡದ ಹೆಸರು ವಿಶ್ವದ ಶ್ರೇಯಾಂಕ ಪಟ್ಟಿಯಿಂದಲೇ ಬಿಟ್ಟುಹೋಯಿತು. ಆಟಗಾರ್ತಿಯರು ಇದ್ದರು, ಆಡಲು ಪಂದ್ಯಗಳಿರಲಿಲ್ಲ. ಎದುರಾಳಿಯಿಲ್ಲದ ತಂಡವು ಲೆಕ್ಕಕ್ಕೆ ಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಸಂಘಗಳ ನಡುವಣ ಇಂಡಿಯನ್ ವಿಮೆನ್ಸ್ ಲೀಗ್ 2016–17ರಲ್ಲಿಯೂ, ಕರ್ನಾಟಕದ ಮಹಿಳಾ ಲೀಗ್ 2019ರಲ್ಲಿಯೂ ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಸಂಘವು 2022–23ರ ರಾಷ್ಟ್ರೀಯ ಲೀಗಿನಲ್ಲಿ ಅಂತಿಮ ಪಂದ್ಯದವರೆಗೆ ಸಾಗಿ, ಗೋಕುಲಂ ಕೇರಳ ತಂಡಕ್ಕೆ ಸೋತು ಎರಡನೆಯ ಸ್ಥಾನವನ್ನು ಗಳಿಸಿತು. 2025ರ ಜುಲೈಯಲ್ಲಿ ಭಾರತದ ತಂಡವು ಥಾಯ್ಲೆಂಡನ್ನು 2–1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ 2026ರ ಏಷ್ಯಾ ಕಪ್ಪಿಗೆ ಪ್ರವೇಶ ಪಡೆಯಿತು. ವರ್ಷ ವರ್ಷವೂ ತಪ್ಪದೆ ಪಂದ್ಯಗಳು ದೊರೆತರೆ ಆಟವು ಬೆಳೆಯುತ್ತದೆಂಬುದನ್ನು ಈ ಅಲ್ಪಾವಧಿಯ ಇತಿಹಾಸವು ತಿಳಿಸುತ್ತದೆ.

ಇನ್ನು ನಮ್ಮ ಪ್ರದೇಶದ ವಿಚಾರ. ಪುತ್ತೂರು, ಸುಳ್ಯ, ಮತ್ತು ಬಹುಭಾಗ ಹಿಂದೆ ಪುತ್ತೂರಿಗೇ ಸೇರಿದ್ದ ಕಡಬ, ಇವು ಮೂರೂ ಗುಡ್ಡ ಬೈಲುಗಳ, ಮುರಕಲ್ಲಿನ, ಅಡಕೆ ತೋಟಗಳ ಸೀಮೆ. ಕಾಲ್ಚೆಂಡಾಟದ ಅಂಕಣವು ನಿಯಮದಂತೆ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲವಿರಬೇಕು. ಲೆಕ್ಕ ಹಾಕಿದರೆ ಇದು 4,050 ಚದರ ಮೀಟರ್, ಹೆಚ್ಚು ಕಡಿಮೆ ಸರಿಯಾಗಿ ಒಂದು ಎಕರೆ. ವಾಲಿಬಾಲಿಗೆ 162 ಚದರ ಮೀಟರ್ ಸಾಕು. ಮಹಿಳೆಯರ ಕಬಡ್ಡಿಗೆ 96 ಸಾಕು. ಶಾಲೆಯ ಅಂಗಳದಲ್ಲಿಯೂ ಕೊಯ್ಲಾದ ಗದ್ದೆಯ ಒಂದು ಮೂಲೆಯಲ್ಲಿಯೂ ಈ ಎರಡು ಆಟಗಳು ಹಿಡಿಸುತ್ತವೆ. ಸಮತಟ್ಟಾದ ಒಂದು ಎಕರೆ ನೆಲವಾದರೋ ಇಲ್ಲಿ ತೋಟವಾಗುತ್ತದೆ, ಇಲ್ಲವೇ ಗುಡ್ಡ ಕಡಿದು ಅದನ್ನು ಮಾಡಿಕೊಳ್ಳಬೇಕಾಗುತ್ತದೆ. ಹೆಣ್ಣುಮಕ್ಕಳ ಆಸಕ್ತಿಯನ್ನು ಅಳೆಯುವ ಮೊದಲು ಈ ನೆಲದ ಲೆಕ್ಕವನ್ನು ನೋಡುವುದು ನ್ಯಾಯ.

ಗುಡ್ಡವನ್ನು ಸಮಮಾಡಿ ಅಷ್ಟು ವಿಸ್ತಾರದ ನೆಲವನ್ನು ಒದಗಿಸಲು ಶಕ್ತವಾದವು ಮುಖ್ಯವಾಗಿ ವಿದ್ಯಾಸಂಸ್ಥೆಗಳು. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು 1958ರಲ್ಲಿಯೂ ವಿವೇಕಾನಂದ ಕಾಲೇಜು 1965ರಲ್ಲಿಯೂ, ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜು 1976ರಲ್ಲಿಯೂ ಸ್ಥಾಪಿತವಾದವು. ಉನ್ನತ ಶಿಕ್ಷಣವು ಹೀಗೆ ಸಮೀಪಕ್ಕೆ ಬಂದಾಗ, ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಹೋಗಿಬರಲಾಗದ ಮನೆಗಳ ಹೆಣ್ಣುಮಕ್ಕಳೂ ಓದಿಗೆ ಬಂದರು. ಓದಿನೊಡನೆ ಆಟವೂ ಸಾಧ್ಯವಾಯಿತು. ಆದರೆ ಕಾಲೇಜಿನ ತಂಡವೇ ಸಂಘವಲ್ಲ. ಪದವಿಯ ಅವಧಿ ಮೂರು ವರ್ಷ. ಮೊದಲ ವರ್ಷ ಕಲಿಕೆಯಲ್ಲಿ ಕಳೆಯುತ್ತದೆ. ಆಟವು ಕೈಗೂಡುವ ಹೊತ್ತಿಗೆ ಅಂತಿಮ ಪರೀಕ್ಷೆ ಬರುತ್ತದೆ. ಅನಂತರ ಉದ್ಯೋಗ, ಮದುವೆ, ಊರು ಬಿಡುವುದು. ಪ್ರೆಸ್ಟನ್ನಿನಲ್ಲಿ ನಾಲ್ಕು ದಶಕಗಳ ಮೇಲೆ ಬಂದೊದಗಿದ ಕೊರತೆಯನ್ನು ಕಾಲೇಜಿನ ತಂಡವು ಮೂರು ವರ್ಷಕ್ಕೊಮ್ಮೆ ಎದುರಿಸುತ್ತದೆ.

ಈ ಕೊರತೆಗೆ ಪರಿಹಾರವೆಂದರೆ ಹವ್ಯಾಸಿ ಸಂಘವೇ. ಪ್ರೌಢಶಾಲೆಯ ಬಾಲಿಕೆಯೂ ಪದವಿ ಮುಗಿಸಿದ ಉದ್ಯೋಗಸ್ಥೆಯೂ ಒಂದೇ ತಂಡದಲ್ಲಿ ಕೂಡಲು ಅಲ್ಲಿ ಅವಕಾಶವುಂಟು. ಹಿರಿಯಳು ಆಟವನ್ನು ಬಿಟ್ಟ ಮೇಲೆ ತರಬೇತಿಯ ಹೊಣೆಯನ್ನು ಹೊರಬಲ್ಲಳು. ಮೂರು ತಾಲ್ಲೂಕುಗಳಿಗೆ ಒಂದೊಂದು ಸಂಘವಿದ್ದು, ಪ್ರತಿಯೊಂದೂ ಉಳಿದೆರಡನ್ನು ತನ್ನ ಊರಿನಲ್ಲೊಮ್ಮೆ, ಅವರ ಊರಿನಲ್ಲೊಮ್ಮೆ ಎದುರಿಸಿದರೆ ವರ್ಷಕ್ಕೆ 6 ಪಂದ್ಯಗಳಾಗುತ್ತವೆ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ, ಬೇಸಗೆಯ ಮೊದಲಲ್ಲಿ ಪರೀಕ್ಷೆ. ಇವುಗಳ ನಡುವಣ ತಿಂಗಳುಗಳಲ್ಲಿ ಆರು ಪಂದ್ಯಗಳನ್ನು ನಡೆಸುವುದು ದುಸ್ಸಾಧ್ಯವಲ್ಲ. ರಜೆಯ ದಿನಗಳಲ್ಲಿ ಕಾಲೇಜುಗಳು ಮೈದಾನವನ್ನು ಬಿಟ್ಟುಕೊಟ್ಟರೆ ಮೊದಲನೆಯ ಆಧಾರವೂ ಒದಗುತ್ತದೆ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ತಂಡದ ಹೆಸರುಪಟ್ಟಿ, ಪಂದ್ಯದ ದಿನಾಂಕ, ಅಂತರ, ಖರ್ಚಿನ ಲೆಕ್ಕ, ಒಂದೆರಡು ಭಾವಚಿತ್ರ, ಇಷ್ಟನ್ನು ವರ್ಷಕ್ಕೊಮ್ಮೆ ಬರೆದು ಕಾಲೇಜಿನ ಗ್ರಂಥಾಲಯದಲ್ಲಿರಿಸಬೇಕು. ತನಗಿಂತ ಮುಂಚೆ ಇದೇ ಮೈದಾನದಲ್ಲಿ ಆಡಿದವರಿದ್ದರೆಂಬುದನ್ನು ತಿಳಿದ ಬಾಲಿಕೆಯು ಆಟಕ್ಕಾಗಿ ಯಾರ ಅಪ್ಪಣೆಯನ್ನೂ ಹೊಸದಾಗಿ ಬೇಡಬೇಕಾಗಿಲ್ಲ.